ಒಂದೇ ದಡದ ನೀರು

ಕೆರೆ ನೋಡಲು ಹೋದವರು ಏರಿ ಹತ್ತಿ ನಿಂತುಬಿಡುತ್ತಾರೆ. ತಪ್ಪೇನಿಲ್ಲ, ಗಾಳಿ ಅಲ್ಲೇ ಚೆನ್ನ, ಹುಣಸೆ, ಹೊಂಗೆಗಳ ನೆರಳೂ ಅಲ್ಲೇ. ಆದರೆ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಕೆರೆಗಳ ಸೊಗಸು ಸಿಗಬೇಕಾದರೆ ಏರಿ ಇಳಿದು, ಸುತ್ತು ಹಾಕಿ, ನೀರು ಒಳಬರುವ ಕಡೆಗೆ ಹೋಗಬೇಕು. ಅಲ್ಲಿ ದಡವೆಂಬುದೇ ಇಲ್ಲ. ಹುರುಳಿ ಹೊಲ ಎಲ್ಲಿ ಮುಗಿಯಿತು, ಜೊಂಡು ಎಲ್ಲಿ ಹತ್ತಿತು, ಕಾಲಡಿಯ ಮಣ್ಣು ಯಾವಾಗ ಕೆಸರಾಯಿತು, ಗೆರೆ ಎಳೆದು ಹೇಳಲಾಗದು. ಮನುಷ್ಯ ಕಟ್ಟಿದ್ದು ಒಂದು ದಡ ಮಾತ್ರ. ಉಳಿದದ್ದನ್ನು ಆಯಾ ವರ್ಷದ ಮಳೆ ಬಂದು ತೀರ್ಮಾನಿಸುತ್ತದೆ.

ಈ ಅಂಚಿನಲ್ಲಿ ಹಕ್ಕಿಗಳು ಕಾಲಿನ ಉದ್ದಕ್ಕೆ ತಕ್ಕಂತೆ ಜಾಗ ಹಂಚಿಕೊಂಡಿರುತ್ತವೆ. ಒಣ ನೆಲದಲ್ಲಿ ಟಿಟ್ಟಿಭ, ಕಂಡವರನ್ನೆಲ್ಲ ಗದರಿಸುತ್ತ. ಗೇಣುದ್ದ ನೀರಿನಲ್ಲಿ ಬೆಳ್ಳಕ್ಕಿ. ಇನ್ನೂ ಮುಂದೆ ಬೂದು ಬಕ, ಒಂಟಿಯಾಗಿ. ಕಾಲು ನೆಲಕ್ಕೆ ಎಟುಕದ ಕಡೆ ನಾಮಕೋಳಿ, ಗುಳುಮುಳುಕ. ಮುಳುಗಿದ ಜಾಲಿ ಮರಗಳ ಒಣ ತುದಿಯಲ್ಲಿ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಒಣಗಿಸಿಕೊಳ್ಳುತ್ತವೆ. ಏರಿಯ ಮೇಲೆ ನಿಂತವರಿಗೆ ಇದೆಲ್ಲ ಬರೀ ಚುಕ್ಕೆ.

ಅಮೆರಿಕದ ಮಿನ್ನೆಸೋಟದವರು ಹತ್ತು ಸಾವಿರ ಸರೋವರಗಳ ನಾಡು ನಮ್ಮದೆಂದು ವಾಹನದ ನಂಬರ್ ಪ್ಲೇಟಿನ ಮೇಲೇ ಬರೆಸಿಕೊಂಡಿದ್ದಾರೆ. ಬಹುಪಾಲು ಹಿಮನದಿಗಳು ಕೊರೆದು ಬಿಟ್ಟುಹೋದ ತಗ್ಗುಗಳು ಅವು. ಮಿಸಿಸಿಪಿ ಹುಟ್ಟುವ ಇಟಾಸ್ಕ ಸರೋವರವನ್ನೂ ಸುತ್ತಲ ಕಾಡನ್ನೂ 1891ರಲ್ಲೇ ರಾಜ್ಯ ಉದ್ಯಾನವೆಂದು ಕಾಯ್ದಿಟ್ಟರು. ನಮ್ಮ ಸೀಮೆಗೆ ಹಿಮನದಿ ಬರಲಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ದಕ್ಕಲಿಲ್ಲ. ಇಲ್ಲಿನ ಕೆರೆಗಳೆಲ್ಲ ತಲೆಯ ಮೇಲೆ ಮಣ್ಣು ಹೊತ್ತವರ ದುಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಈ ನಾಡಿನಲ್ಲಿ ಕಷ್ಟ ಎಂದು ಬೆರಗಿನಿಂದ ಬರೆದಿದ್ದ.

ಆ ದುಡಿಮೆಯ ಜಾಣ್ಮೆ ತೂಬಿನಲ್ಲಿದೆ. ನೀರಿನೊಳಗಿಂದ ಎದ್ದ ಎರಡು ಕಲ್ಲುಗಂಬ, ಅಡ್ಡಕ್ಕೆ ಹಾಸಿದ ಚಪ್ಪಡಿ, ಚಪ್ಪಡಿಯ ತೂತಿನಲ್ಲಿ ಇಳಿಬಿಟ್ಟ ಕೋಲು. ಇಷ್ಟೇ ಇಟ್ಟುಕೊಂಡು ನೀರುಗಂಟಿ ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ನೀರು ಬಿಡುತ್ತಿದ್ದ. ಕೋಡಿಯೋ, ಏರಿಯ ತುದಿಯಲ್ಲಿ ತಗ್ಗಿಸಿ ಕಟ್ಟಿದ ಕಲ್ಲುಹಾಸು. ಮೇಲಿನ ಕೆರೆಗೆ ಹೆಚ್ಚಾದದ್ದು ಅದನ್ನು ದಾಟಿ ಕೆಳಗಿನ ಕೆರೆಗೆ ಇಳಿಯುತ್ತದೆ. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳೂ ಕೋಡಿ ಹರಿದವು. ಕನ್ನಡ, ತೆಲುಗು ಎರಡೂ ಒಂದೇ ಜಗಲಿಯಲ್ಲಿ ಕೂರುವ ಈ ಗಡಿಯಲ್ಲಿ ಆಗ ಕೇಳಬೇಕಾದ ಸುದ್ದಿ ಒಂದೇ: ಚೆರುವು ನಿಂಡಿಂದಂಟ, ಕೆರೆ ತುಂಬಿತಂತೆ! ಕೋಡಿಯ ಮೇಲೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಲ್ಲುವ ಸುಖಕ್ಕೆ ಯಾವ ಜಲಪಾತವೂ ಸಾಟಿಯಲ್ಲ ಎಂಬುದು ನನ್ನ ಪಕ್ಷಪಾತ.

ನೀರಿನಷ್ಟೇ ಹೊತ್ತು ಬೆಟ್ಟಗಳನ್ನೂ ನೋಡಬೇಕು. ಅಂಬಾಜಿದುರ್ಗ, ಕೈವಾರದ ಬೆಟ್ಟಗಳ ಬರಿ ಬಂಡೆ ಮಳೆಯನ್ನು ಹಿಡಿದಿಟ್ಟುಕೊಳ್ಳದೆ ಜಾರಿಸುತ್ತದೆ. ಸಂದಿಯಲ್ಲಿ ಬೆಳೆದ ಕಗ್ಗಲಿ, ಕಾರೆ, ಸೀತಾಫಲದ ಕುರುಚಲು ಅದರ ಓಟವನ್ನು ತಡೆದು ನಿಧಾನಕ್ಕೆ ಕೆಳಗೆ ಕಳಿಸುತ್ತದೆ. ಬೇಸಿಗೆಯಲ್ಲಿ ಈ ಕುರುಚಲನ್ನು ಕಂಡು ಇದನ್ನೂ ಕಾಡೆನ್ನುತ್ತಾರಾ ಎಂದು ನಕ್ಕವರು, ಮೊದಲ ಎರಡು ಮಳೆ ಆದ ಮೇಲೆ ಬಂದು ನೋಡಲಿ.

ಈಗೀಗ ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯ ಸುತ್ತಲೂ ಏರಿ ಹಾಕಿ, ವಾಕಿಂಗ್ ಪಾತ್ ಹಾಸಿ, ಕಂಬಿ ನೆಡುತ್ತಾರೆ. ಕೆರೆ ತಟ್ಟೆಯಲ್ಲಿಟ್ಟ ಸಾರಿನ ಬಟ್ಟಲಾಗುತ್ತದೆ. ಟಿಟ್ಟಿಭಕ್ಕೆ ಮೊಟ್ಟೆಯಿಡಲು ನೆಲವಿಲ್ಲ. ಇದನ್ನು ಒಪ್ಪಲಾರೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಈ ಎರಡು ಜಿಲ್ಲೆಗಳ ಹಲವು ಕೆರೆಗಳಿಗೆ ತುಂಬಿಸುವ ಯೋಜನೆಯ ಬಗ್ಗೆ ಮಾತ್ರ ನನ್ನ ಮನಸ್ಸು ಎರಡಾಗುತ್ತದೆ. ಆ ನೀರನ್ನು ಇನ್ನೂ ಚೆನ್ನಾಗಿ ಶುದ್ಧಮಾಡಬೇಕೆಂಬ ಕೂಗು ನ್ಯಾಯವೇ. ಬಿರುಕು ಬಿಟ್ಟ ಗೋಡುಮಣ್ಣು, ಕುರಿಮಂದೆ, ಹುಡುಗರ ಕ್ರಿಕೆಟ್ಟು, ಇವೆಲ್ಲ ಸೇರಿದ ಬರಿಗೆರೆಯ ಚೈತ್ರಕ್ಕೂ ಒಂದು ಚೆಲುವಿತ್ತು, ಅದೂ ನಿಜ. ಆದರೆ ಬತ್ತಿದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡ ರೈತನೆದುರು ಈ ಚೆಲುವಿನ ಮಾತೆತ್ತಲು ನನಗಂತೂ ಬಾಯಿ ಬರುವುದಿಲ್ಲ.