ಕಾರ್ಡು ಚುಚ್ಚುವ ಮುನ್ನ

ಈ ವಾರ ಮೈಕ್ರೋಕೋಡ್ ಅಸೆಂಬ್ಲರ್‌ಗಳ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದನ್ನು ಬದಿಗಿಡುತ್ತೇನೆ. ಚಳ್ಳಕೆರೆಯಿಂದ ಬಳ್ಳಾರಿ ದಾರಿಯಲ್ಲಿ ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿಗೆ ಹೋದರೆ, ರೇಷ್ಮೆ ಸೀರೆಯ ಮಗ್ಗದ ನೆತ್ತಿಯಲ್ಲೇ ಇದಕ್ಕಿಂತ ದೊಡ್ಡ ಪಾಠವಿದೆ. ಅಲ್ಲಿ ಕೂತ ಜಕಾರ್ಡ್ ಯಂತ್ರದಲ್ಲಿ ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ಕಾರ್ಡು. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರೊಂದಿಗೆ ಹಾಸಿನ ಎಳೆಯೂ. ಮೈಕ್ರೋಕೋಡ್ ಎಂದರೆ ಪ್ರೊಸೆಸರಿನ ಒಂದೊಂದು ಆದೇಶವನ್ನೂ ಒಳಗಿಂದ ನಡೆಸುವ ಹೆಜ್ಜೆಗಳು; ಅದರಲ್ಲೂ ಒಂದೊಂದು ಬಿಟ್ ಒಂದೊಂದು ನಿಯಂತ್ರಣ ತಂತಿಯನ್ನು ಎಬ್ಬಿಸುವ ಹಾರಿಜಾಂಟಲ್ ಮೈಕ್ರೋಕೋಡ್ ಬರೆದವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

1951ರಲ್ಲಿ ಮಾರಿಸ್ ವಿಲ್ಕ್ಸ್ ಮೈಕ್ರೋಪ್ರೋಗ್ರಾಮಿಂಗ್ ಮಂಡಿಸಿದರು. ಐಬಿಎಂ ಸಿಸ್ಟಮ್ 360ರ ಮಾಡೆಲ್ 30ರಲ್ಲಂತೂ ಮೈಕ್ರೋಕೋಡ್ ಇಡುವ ಕಂಟ್ರೋಲ್ ಸ್ಟೋರ್ ಎಂದರೆ ತಾಮ್ರ ಲೇಪಿಸಿದ ಮೈಲಾರ್ ಕಾರ್ಡುಗಳೇ. ಮೈಕ್ರೋಕೋಡ್ ಬದಲಿಸಬೇಕೆಂದರೆ ಹೊಸ ಕಾರ್ಡು ಚುಚ್ಚಬೇಕು.

ಮಗ್ಗದ ಕಾರ್ಡು ಚುಚ್ಚುವ ಮುನ್ನ ವಿನ್ಯಾಸ ಬರೆಯುವ ಗ್ರಾಫ್ ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ಆ ತಪ್ಪು ಪ್ರತಿ ಬುಟ್ಟಾದಲ್ಲೂ ಮೂಡುತ್ತದೆ. ಮೈಕ್ರೋಕೋಡಿನಲ್ಲಿ ಒಂದು ಬಿಟ್ ತಪ್ಪಿದರೆ ಆ ಆದೇಶ ಬಂದಾಗಲೆಲ್ಲ ಯಂತ್ರ ಎಡವುತ್ತದೆ. ಅಸೆಂಬ್ಲರ್ ಅಕ್ಷರದ ತಪ್ಪನ್ನು ಹಿಡಿದೀತು. ಫಲಿತಾಂಶ ರಿಜಿಸ್ಟರಿಗೆ ಸೇರುವ ಒಂದು ಕ್ಲಾಕ್ ಮೊದಲೇ ಅದನ್ನು ಓದಿದ ತಪ್ಪನ್ನು ತೋರಿಸುವುದು ಯಂತ್ರದ ನಡೆಯನ್ನು ಅನುಕರಿಸುವ ಸಿಮ್ಯುಲೇಟರ್ ಮಾತ್ರ. ಆದ್ದರಿಂದ ಮೊದಲ ಉಪಕರಣ ಸಿಮ್ಯುಲೇಟರ್, ಅಸೆಂಬ್ಲರ್ ಆಮೇಲೆ.

ಟ್ರೇಸಿ ಕಿಡರ್‌ರ 1981ರ ‘ದಿ ಸೋಲ್ ಆಫ್ ಎ ನ್ಯೂ ಮೆಷಿನ್’ ಕೃತಿಯನ್ನು ನಾನು ಮತ್ತೆ ಮತ್ತೆ ಓದುವುದು ಇದಕ್ಕಾಗಿಯೇ. ಅದರಲ್ಲಿ ಬರುವ ಕಂಪ್ಯೂಟರ್ ಕಂಪನಿ ಡೇಟಾ ಜನರಲ್‌ನಲ್ಲಿ ಕಾರ್ಲ್ ಆಲ್ಸಿಂಗ್ ಅವರ ಮೈಕ್ರೋಕೋಡ್ ತಂಡದ ಹುಡುಗರು ಸಿಮ್ಯುಲೇಟರ್ ಬರೆದುಕೊಂಡರು. ಹಾರ್ಡ್‌ವೇರ್ ಮಾದರಿಯ ಮುಂದೆ ಸರದಿ ಕಾಯದೆ ತಮ್ಮ ಕೋಡನ್ನು ಪರೀಕ್ಷಿಸುವ ದಾರಿ ಅವರಿಗೆ ಅದರಿಂದ ಸಿಕ್ಕಿತು. ಎಂಜಿನಿಯರಿಂಗ್ ಓದುವವರೆಲ್ಲ ಆ ಭಾಗವನ್ನು ಓದಲೇಬೇಕು.

ಇನ್ನು ರಿಸ್ಕ್ ಪಂಥದವರ ಹಳೆಯ ಮಾತು. ಸರಳ ಆದೇಶಗಳಿದ್ದರೆ ಮೈಕ್ರೋಕೋಡೇ ಬೇಡ ಎಂದು ಅವರು 1980ರ ದಶಕದಿಂದ ಹೇಳುತ್ತಲೇ ಇದ್ದಾರೆ. ಅವರ ಚಿಪ್‌ಗಳ ಮಟ್ಟಿಗೆ ಅದು ಸರಿ. ಆದರೆ ಇಡೀ ಜಗತ್ತಿಗೆ ಆ ತೀರ್ಪು ಸಲ್ಲದು. 2018ರಲ್ಲಿ ಪ್ರೊಸೆಸರ್‌ಗಳ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದಾಗ, ಅದರ ಒಂದು ರೂಪವನ್ನು ತಡೆಯಲು ಇಂಟೆಲ್ ಕಳಿಸಿದ್ದು ಮೈಕ್ರೋಕೋಡ್ ಅಪ್‌ಡೇಟನ್ನೇ. ಜಗತ್ತಿನಾದ್ಯಂತ ಆಗಲೇ ಬಳಕೆಯಲ್ಲಿದ್ದ ಚಿಪ್‌ಗಳನ್ನು ತಿದ್ದಲು ಬೇರೆ ಯಾವ ದಾರಿಯಿತ್ತು?

ಚಿತ್ರದುರ್ಗ, ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಇಂಟೆಲ್ 8086ರ ಮೈಕ್ರೋಕೋಡಿಗೆ ಇರುವ ಜಾಗ 512 ಪದ, ಪದಕ್ಕೆ 21 ಬಿಟ್. ಅದಕ್ಕೊಂದು ಸಿಮ್ಯುಲೇಟರ್ ಬರೆಯಿರಿ. ಒಂದೊಂದೇ ಕ್ಲಾಕ್ ನಡೆಸಿ, ರಿಜಿಸ್ಟರುಗಳನ್ನು ನೋಡಿ. ಅಸೆಂಬ್ಲರ್ ಬಗ್ಗೆ ಮುಂದಿನ ವಾರ ಮಾತಾಡೋಣ.