ಲೇ ದೋಸ್ತ, ಅವಂದ ಹವಾ ಐತಿ!
ಬೆಂಗಳೂರಿನ ಹುಡುಗರಿಗೆ ‘ಮಗಾ’ ಹೇಗೋ, ವಿಜಯಪುರ ಜಿಲ್ಲೆಯ ಘೋಣಸಗಿ ಕಡೆಯವರಿಗೆ ‘ದೋಸ್ತ’ ಹಾಗೆ. ಹಿಂದೊಂದು ‘ಲೇ’ ಸೇರಿತೋ, ಸಲುಗೆ ಪೂರ್ತಿಯಾಯಿತು. ಅದೇ ಹುಡುಗ ಹಿರಿಯರು ಎದುರಾದ ಕೂಡಲೇ ‘ಹೌದ್ರಿ ಕಾಕಾ’ ಅಂತಾನೆ. ಆ ಚುರುಕು ನನಗೆ ಬಲು ಇಷ್ಟ.

ಈ ಕಟ್ಟೆಮಾತಿನ ರಾಜ ‘ಮಂಗ್ಯಾನ ಮಗನ’. ಹೆಗಲ ಮೇಲೆ ಕೈಹಾಕಿ ಎಳೆದು ಅಂದರೆ ಅದು ಮುದ್ದು. ಹಲ್ಲು ಕಚ್ಚಿ ಅಂದರೆ ಜಗಳ. ಪಟ್ಟಣದಿಂದ ಬಂದವರು ಇದನ್ನು ಕೇಳಿ ಗಾಬರಿಯಾಗುವುದುಂಟು, ಪಾಪ! ಯಾರದಾದರೂ ವರ್ಚಸ್ಸು ಏರಿದರೆ ‘ಅವಂದ ಹವಾ ಐತಿ’. ಈ ‘ಹವಾ’, ‘ದೋಸ್ತ’ ಉರ್ದುವಿನ ಕಡೆಯಿಂದ ಬಂದವು, ‘ನಿಜ’ ಎನ್ನಲು ಬಳಸುವ ‘ಖರೆ’ ಮರಾಠಿಯಿಂದ. ವಿಜಯಪುರದ ಆದಿಲಶಾಹಿ ಆಳ್ವಿಕೆ 1686ರಲ್ಲೇ ಮುಗಿದರೂ ಆ ಮಿಶ್ರಣ ಮುಗಿದಿಲ್ಲ. ದೂರದ ನೈಜೀರಿಯಾದಲ್ಲೂ ಹೀಗೇ: ತಾಪತ್ರಯಕ್ಕೆ ‘ವಹಾಲಾ’, ದೇಶ ಬಿಟ್ಟು ಹೊರಡುವುದಕ್ಕೆ ಯೊರುಬಾದ ‘ಜಾಪಾ’. ಲಾಗೋಸಿನ ಬೀದಿಯಲ್ಲಿ ನಾಲ್ಕಾರು ಭಾಷೆಗಳು ಒಂದೇ ವಾಕ್ಯದಲ್ಲಿ ಕೂಡಿಕೊಳ್ಳುತ್ತವೆ.

ನಮ್ಮ ಸೀಮೆಯ ಮಾತೊಂದು ನಾಡನ್ನೇ ಗೆದ್ದದ್ದು 2019ರಲ್ಲಿ. ಕಾಗವಾಡ ಉಪಚುನಾವಣೆಯ ಪ್ರಚಾರದಲ್ಲಿ ಸಿದ್ದರಾಮಯ್ಯ ಭಾಷಣ ಮಾಡುವಾಗ ಸಭೆಯಿಂದ ಬಂದ ‘ಹೌದ್ದೋ ಹುಲಿಯಾ!’ ಮೊಬೈಲ್‌ಗಳಲ್ಲಿ ಹಬ್ಬಿತು. ಮೆಚ್ಚಿಗೆಗೆ ಹುಟ್ಟಿದ ಮಾತನ್ನು ಹುಡುಗರು ಬೇಗನೆ ಗೇಲಿಗೂ ಒಗ್ಗಿಸಿದರು. ಈಗ ದ್ರಾಕ್ಷಿ ಬೆಳೆದವನೊಬ್ಬ ‘ಈ ಸಲ ಲಾಭ ಜಗ್ಗಿ ಐತಿ’ ಎಂದು ಜಂಬ ಕೊಚ್ಚಿದರೆ ಸಾಕು, ಹಿಂದಿನಿಂದ ಒಬ್ಬ ಕೂಗಿಯೇ ಕೂಗುತ್ತಾನೆ: ಹೌದ್ದೋ ಹುಲಿಯಾ!