ಹೆಬ್ಬಾಗಿಲಿನ ಹೊಳಪು

ಗೃಹಪ್ರವೇಶಕ್ಕೆ ಬಂದವರ ಮುಖ ಹೆಬ್ಬಾಗಿಲಿನಲ್ಲಿ ಕಾಣಿಸಿದರೆ ಪಾಲಿಶ್ ಗೆದ್ದಂತೆ. ತೇಗದ ಕದಕ್ಕೆ ಸೀಲರ್ ತುಂಬಿ, ಮೇಲೆ ಮೆಲಮೈನ್ ಹೊಡೆದ ಈ ‘ಮಿರರ್ ಫಿನಿಶ್’ಗೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. ಒಳಕೋಣೆಯ ಬೀರುವಿಗೆ ಅದು ಒಪ್ಪುತ್ತದೆ, ತಕರಾರಿಲ್ಲ. ಬಿಸಿಲು ಮಳೆಗೆ ಒಡ್ಡಿಕೊಂಡ ಬಾಗಿಲಿಗೆ ಅದು ತಕ್ಕುದಲ್ಲ. ಮರ ಹಿಗ್ಗಿ ಕುಗ್ಗುತ್ತದೆ. ಮೆಲಮೈನಿನ ಗಡಸು ಪದರ ಜೊತೆಗೆ ಹಿಗ್ಗಲಾರದೆ ಬಿರಿಯುತ್ತದೆ.

ಹಕ್ಕಳೆ ಏಳುವುದು ಹೆಚ್ಚಾಗಿ ಕೆಳಗಿನ ನಾಲ್ಕು ಬೆರಳಿನಲ್ಲಿ. ಏಕೆಂದು ತಿಳಿಯಲು ಕದದ ತಳದಂಚು ಮುಟ್ಟಿ ನೋಡಿ: ಬರೀ ಮರ. ನೆಲಕ್ಕೆ ತಾಗದಿರಲೆಂದು ಬಡಗಿ ಕೊನೆಗೆ ತಳವನ್ನು ತುಸು ಕೀಸಿ ಕದ ತೂಗುಹಾಕುತ್ತಾನೆ. ಪಾಲಿಶಿನವನು ಬರುವುದು ಆಮೇಲೆ. ಅಲ್ಲಿಗೆ ಅವನ ಬ್ರಶ್ ಹೋಗದು. ನಿಂತ ಪಟ್ಟಿಗಳ ಎಳೆಗಳೆಲ್ಲ ಬಾಯಿ ತೆರೆದಿರುವುದೂ ಅಲ್ಲೇ. ಮುಖಕ್ಕಿಂತ ಎಷ್ಟೋ ಪಾಲು ಬೇಗ ನೀರು ಕುಡಿಯುವ ಜಾಗ ಅದು. ಸಾಲದ್ದಕ್ಕೆ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆಯುತ್ತೇವೆ. ಒಳಗೆ ಏರಿದ ತೇವ ಮುಂದಿನ ಹೊಳಪನ್ನು ಹಿಂದಿನಿಂದ ನೂಕುತ್ತದೆ. ಕದ ಇಳಿಸಿ, ಮಲಗಿಸಿ, ಮೇಲಂಚು ತಳದಂಚುಗಳಿಗೆ ಮೊದಲು ಕೋಟು ಕೊಟ್ಟರೆ ಈ ದಾರಿ ಮುಚ್ಚುತ್ತದೆ. ಮುಖದ ಮೇಲೆ ಆರು ಕೋಟು ಎಣಿಸಿ ಬೀಗುವವರು ಇದೊಂದನ್ನು ಎಣಿಸುವುದಿಲ್ಲ.

ಇದರಿಂದ ಬೇಸತ್ತ ಒಂದು ಪಂಥ ವಾರ್ನಿಷನ್ನೇ ಬಿಟ್ಟು ಅಗಸೆ ಎಣ್ಣೆಗೆ ಶರಣಾಗಿದೆ. ಅಜ್ಜನ ಮನೆಯ ಬಾಗಿಲು ಎಣ್ಣೆಯಲ್ಲೇ ಉಳಿಯಿತಲ್ಲ ಎಂಬುದು ಅವರ ವಾದ. ಸ್ವಾಮಿ, ಆ ಬಾಗಿಲಿನ ಮುಂದೆ ಜಗಲಿಯಿತ್ತು, ಮೇಲೆ ಚಾಚಿದ ಸೂರಿತ್ತು, ವರ್ಷವರ್ಷ ಎಣ್ಣೆ ಒರೆಸುವ ಕೈಗಳಿದ್ದವು. ಸೂರಿಲ್ಲದ ಮನೆಗೆ ಬರೀ ಎಣ್ಣೆಯನ್ನು ತಂದರೆ ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಮರ ಬೂದಿಬಣ್ಣಕ್ಕೆ ತಿರುಗುತ್ತದೆ. ಜಗಲಿ ಮಾಡಿದ ಕೆಲಸಕ್ಕೆ ಎಣ್ಣೆಗೆ ಸನ್ಮಾನ ಮಾಡುವುದು ಎಂಥ ವಿಮರ್ಶೆ? ಪಿಯು (ಪಾಲಿಯುರೆಥೇನ್) ಬಣದವರ ಮಾತಿನಲ್ಲಿ ಹುರುಳಿದೆ: ಹೊರಾಂಗಣದ ಟು-ಪ್ಯಾಕ್ ಪಿಯು ಗಟ್ಟಿಮುಟ್ಟು. ಆದರೆ ಅದು ಸುಲಿಯತೊಡಗಿದರೆ ತೇಪೆ ಒಪ್ಪುವುದಿಲ್ಲ, ಇಡೀ ಕದ ಕೆರೆಯಬೇಕು.

ಮೆಚ್ಚುಗೆ ಸಲ್ಲಬೇಕಾದದ್ದು ಎಣ್ಣೆಯಂಶ ಹೆಚ್ಚಿರುವ, ಯುವಿ ತಡೆಯುಳ್ಳ ಹೊರಾಂಗಣ ವಾರ್ನಿಷಿಗೆ. ಅದು ಮರದೊಡನೆ ಬಾಗುತ್ತದೆ. ಬಿಸಿಲು ಮರದೊಳಗಿನ ಲಿಗ್ನಿನ್ ಒಡೆದು ಪದರದ ಹಿಡಿತ ಸಡಿಲಿಸುವುದನ್ನು ನಿಧಾನಿಸುತ್ತದೆ. ತೇಗದ ಜಿಡ್ಡನ್ನು ಥಿನ್ನರ್‌ನಲ್ಲಿ ಒರೆಸಿ, ಮೊದಲ ಕೋಟು ತೆಳ್ಳಗೆ ಕೊಡಿ. ಮುಂದಿನ ಕೋಟುಗಳ ನಡುವೆ 320 ನಂಬರಿನ ಪೇಪರ್ ಸಾಕು. ಹೊಳಪು ಮಂಕಾದಾಗಲೇ ಉಜ್ಜಿ ಇನ್ನೊಂದು ಕೋಟು ಎಳೆಯಬಹುದು. ಕರಾರಿನಲ್ಲಿ ‘ಕದ ಇಳಿಸಿ ಹೊಡೆಯಬೇಕು’ ಎಂಬ ಒಂದು ಸಾಲು ಬರೆಸದವರು ಯಾವ ಡಬ್ಬಿ ಆರಿಸಿದರೂ ಅಷ್ಟೇ.